ಸೇವಾ ಸಲಹೆ: ತಣ್ಣಗಾಗದ ರಂಜಣಗಿ, ಹೊಂದದ ಹಿಮೋಗ್ಲೋಬಿನ್, ಮೂಲೆ ಸೇರಿದ ಹೊಲಿಗೆ ಯಂತ್ರ

ಇನ್ನರ್ ವ್ಹೀಲ್, ಲಯನೆಸ್‌ನಂಥ ಮಹಿಳಾ ಸೇವಾ ಕ್ಲಬ್ ಇರಲಿ, ಓಣಿಯ ಮಹಿಳಾ ಮಂಡಳವೇ ಇರಲಿ, ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳ ಸಾರ ಬಹುಮಟ್ಟಿಗೆ ಒಂದೇ: ಕಾರ್ಯಕ್ರಮ ಚೆನ್ನಾಗಿ ಆಯಿತು, ಆಮೇಲೆ ಕೆಟ್ಟಿತು. ಹೀಗಾಗಿ ಉದ್ಘಾಟನೆ, ಹಾರ, ಫ್ಲೆಕ್ಸಿನ ಮಾತು ಬಿಟ್ಟು, ಕೆಡುವ ಜಾಗಗಳನ್ನೇ ಹಿಡಿದು ಉತ್ತರಿಸಿದ್ದೇವೆ.

ಪ್ರತಿ ಬೇಸಿಗೆ ಸೂಪರ್ ಮಾರ್ಕೆಟ್ ಹತ್ತಿರ ಅರವಟ್ಟಿಗೆ ಇಡುತ್ತೇವೆ. ಮೊದಲ ವಾರ ನೀರು ತಣ್ಣಗಿರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಬೆಚ್ಚಗಾಗಿ ವಾಸನೆ ಬರುತ್ತದೆ ಅಂತ ಜನ ದೂರುತ್ತಾರೆ. ಎಷ್ಟು ರಂಜಣಗಿ (ಕುಡಿಯುವ ನೀರಿನ ದೊಡ್ಡ ಮಣ್ಣಿನ ಗಡಿಗೆ) ಬೇಕು, ನೀರಿಗೆ ಔಷಧ ಹಾಕಬೇಕೇ?
— ಮಹಿಳಾ ಸಂಘವೊಂದರ ಸದಸ್ಯೆಯರು, ಕಲಬುರಗಿ

ತಂಪು ಹೋಗುವುದಕ್ಕೂ ವಾಸನೆ ಬರುವುದಕ್ಕೂ ಕಾರಣ ಬೇರೆ ಬೇರೆ. ಮಣ್ಣಿನ ರಂಜಣಗಿ ಬೆವರಿದರೆ ಮಾತ್ರ ನೀರು ತಣ್ಣಗಾಗುತ್ತದೆ. ಸಣ್ಣ ರಂಧ್ರಗಳಿಂದ ಹೊರಬಂದ ನೀರು ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ನಮ್ಮದು ಒಣ ಬೇಸಿಗೆ, ಆದ್ದರಿಂದ 42–43 ಡಿಗ್ರಿ ಬಿಸಿಲಿನಲ್ಲೂ ಇಲ್ಲಿ ರಂಜಣಗಿ ಚೆನ್ನಾಗಿಯೇ ಕೆಲಸ ಮಾಡಬೇಕು. ಆದರೆ ಬೋರಿನ ನೀರು ಗಡಸು. ಕೆಲವೇ ವಾರಗಳಲ್ಲಿ ಹೊರಮೈ ಮೇಲೆ ಬಿಳಿ ಉಪ್ಪಿನ ಪರೆ ಕಟ್ಟುತ್ತದೆ, ರಂಧ್ರ ಮುಚ್ಚುತ್ತದೆ, ಬೆವರು ನಿಲ್ಲುತ್ತದೆ. ಬೆಳಿಗ್ಗೆ ತುಂಬಿಸಿದ ರಂಜಣಗಿಯ ಹೊಟ್ಟೆಗೆ ಮಧ್ಯಾಹ್ನ ಅಂಗೈ ಒತ್ತಿ ನೋಡಿ. ಕೈಗೆ ತೇವ ಹತ್ತದಿದ್ದರೆ ಅದನ್ನು ತೆಗೆದು ಗಿಡದ ಬುಡಕ್ಕೆ ಇಡಿ, ಹೊಸದು ತನ್ನಿ. ಕ್ಲಬ್ಬಿನ ಹೆಸರು, ಲಾಂಛನ ಬರೆಸಲೆಂದು ರಂಜಣಗಿಗೆ ಸುತ್ತಲೂ ಆಯಿಲ್ ಪೇಂಟ್ ಬಳಿಸುವವರೂ ಇದ್ದಾರೆ. ಬಳಿದ ದಿನವೇ ಅದರ ಕೆಲಸ ಮುಗಿದ ಹಾಗೆ. ಹೆಸರು ಬೇಕಿದ್ದರೆ ಬೋರ್ಡಿಗೆ ಬರೆಸಿ.

ಹೊಸ ರಂಜಣಗಿಯನ್ನು ಒಂದು ದಿನ ನೀರಲ್ಲಿ ನೆನೆಹಾಕಿ, ಮೊದಲೆರಡು ಸಲ ತುಂಬಿದ ನೀರು ಚೆಲ್ಲಿ. ಗೋಡೆಗೆ ಒತ್ತಿ ಇಡಬೇಡಿ, ಗಾಳಿ ನಾಲ್ಕೂ ಕಡೆ ಆಡಬೇಕು. ಕೆಳಗೆ ನಾಲ್ಕು ಇಂಚು ಉಸುಕು ಹಾಕಿ ತೋಯಿಸಿ, ಸುತ್ತ ಒದ್ದೆ ಗೋಣಿತಟ್ಟು ಸುತ್ತಿ. ತಗಡಿನ ಶೆಡ್ ಬೇಡ, ಅದು ಬಿಸಿಯನ್ನು ಕೆಳಗೆ ಸುರಿಯುತ್ತದೆ. ಬೇವಿನ ಮರದ ನೆರಳು ಸಿಕ್ಕರೆ ಅದೇ ಸೈ, ಇಲ್ಲದಿದ್ದರೆ ಎರಡು ಪದರ ಹಸಿರು ನೆಟ್ ಕಟ್ಟಿಸಿ.

ಲೆಕ್ಕ ಹೀಗೆ: ಒಬ್ಬರು ಕುಡಿಯುವುದು 300–400 ಮಿ.ಲೀ. ದಿನಕ್ಕೆ 500 ಮಂದಿ ಬಂದರೆ 200 ಲೀಟರ್, ಲೋಟ ತೊಳೆಯಲು ಮತ್ತು ಚೆಲ್ಲಾಟಕ್ಕೆ ಇನ್ನೂ 50. ಇಪ್ಪತ್ತೈದು ಲೀಟರಿನ ರಂಜಣಗಿ ಹತ್ತು ಬೇಕು. ಜೊತೆಗೆ ಇನ್ನೈದು ಹೆಚ್ಚುವರಿ ಇರಲಿ, ಏಕೆಂದರೆ ವಾಸನೆಯ ಮದ್ದು ಇರುವುದೇ ಅಲ್ಲಿ. ಸರದಿಯ ಮೇಲೆ ಐದನ್ನು ಖಾಲಿ ಮಾಡಿ, ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಿ, ಇಡೀ ದಿನ ಬಿಸಿಲಿಗೆ ಬೋರಲು ಹಾಕಿ. ಸೋಪು, ಪೌಡರ್ ಮುಟ್ಟಿಸಬೇಡಿ. ಮಣ್ಣು ಹೀರಿಕೊಂಡು ವಾರಗಟ್ಟಲೆ ನೀರಿಗೆ ಬಿಡುತ್ತದೆ. ವಾಸನೆಗೆ ಮೂಲ ಒಳಗೋಡೆಯ ಲೋಳೆ. ಹಳೆ ನೀರಿನ ಮೇಲೆಯೇ ಹೊಸ ನೀರು ಸುರಿಯುತ್ತ ಹೋದರೆ ಅದು ಬೆಳೆಯುತ್ತದೆ.

ಕ್ಲೋರಿನ್ ಹಾಕಬೇಕು, ಆದರೆ ರಂಜಣಗಿಗಲ್ಲ, ನೀರು ತುಂಬಿಡುವ ಡ್ರಮ್ಮಿಗೆ. ಮಣ್ಣು, ಲೋಳೆ ಎರಡೂ ಕ್ಲೋರಿನ್ ತಿನ್ನುತ್ತವೆ. ಮೊದಲು ಕ್ಲೋರೊಸ್ಕೋಪ್ ಕಿಟ್‌ನಿಂದ (ನೀರಿನ ಕ್ಲೋರಿನ್ ಎಷ್ಟೆಂದು ಬಣ್ಣದಿಂದ ತೋರಿಸುವ ಸಲಕರಣೆ) ನೀರು ಪರೀಕ್ಷಿಸಿ. ಪಾಲಿಕೆಯ ನಳದ ನೀರಿನಲ್ಲಿ ಆಗಲೇ ಕ್ಲೋರಿನ್ ಇದ್ದರೆ ಮತ್ತೆ ಹಾಕುವುದು ಬೇಡ. ಟ್ಯಾಂಕರ್ ಅಥವಾ ಬೋರಿನ ನೀರಾದರೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಅನ್ನು ಒಂದು ಲೀಟರ್ ನೀರಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. 200 ಲೀಟರ್ ಡ್ರಮ್ಮಿಗೆ 40 ಮಿ.ಲೀ. ತಿಳಿ ಹಾಕಿ ಮುಚ್ಚಿ. ಅರ್ಧ ಗಂಟೆಯ ಮೇಲೆ ಪರೀಕ್ಷಿಸಿದರೆ ಲೀಟರಿಗೆ 0.2ರಿಂದ 0.5 ಮಿ.ಗ್ರಾಂ ಉಳಿದಿರಬೇಕು. ಬಣ್ಣವೇ ಬರದಿದ್ದರೆ ಇನ್ನು 20 ಮಿ.ಲೀ. ಹಾಕಿ, ಅರ್ಧ ಗಂಟೆ ಕಾದು ಮತ್ತೆ ನೋಡಿ. ಈ ಲೆಕ್ಕ ಪೌಡರಿನಲ್ಲಿ ಶೇ 33ರಷ್ಟು ಕ್ಲೋರಿನ್ ಇದ್ದಾಗಿನದು. ಕಳೆದ ವರ್ಷ ಒಡೆದು ಗೋದಾಮಿನಲ್ಲಿಟ್ಟ ಚೀಲದಲ್ಲಿ ಅಷ್ಟು ಉಳಿದಿರುವುದಿಲ್ಲ, ಬಿಸಿಗೆ ಹಾರಿಹೋಗಿರುತ್ತದೆ. ಸಣ್ಣ ಪೊಟ್ಟಣ ಕೊಂಡು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೆರಳಿನಲ್ಲಿಡಿ.

ಉದ್ದ ಹಿಡಿಯ ಹುಟ್ಟು ಬಳಸಿ. ಲೋಟ ಅದ್ದುವುದನ್ನು ತಪ್ಪಿಸುವುದೇ ಅರ್ಧ ಆರೋಗ್ಯ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸಂಬಳ ಕೊಟ್ಟು ಒಬ್ಬರನ್ನು ಕೂರಿಸಿ. ಸದಸ್ಯೆಯರ ಸರದಿ ಎರಡನೇ ವಾರಕ್ಕೆ ಮುರಿದುಬೀಳುತ್ತದೆ, ಅದು ಯಾರ ತಪ್ಪೂ ಅಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ಮಜ್ಜಿಗೆ ಹಂಚುವವರು ಐಸ್ ಎಲ್ಲಿಂದ ಬಂತು ಎಂದು ಕೇಳಿ. ಕಾರ್ಖಾನೆಯ ಗಡ್ಡೆ ಐಸ್ ಸಾಮಾನು ತಣ್ಣಗಿಡಲು ಮಾಡಿದ್ದು, ಲೋಟದೊಳಗೆ ಹಾಕಲು ಅಲ್ಲ.

ಪದವಿ ಕಾಲೇಜಿನಲ್ಲಿ ಹಿಮೋಗ್ಲೋಬಿನ್ ಶಿಬಿರ ಮಾಡಿದೆವು. ಅರ್ಧಕ್ಕರ್ಧ ಹುಡುಗಿಯರಿಗೆ 8ರ ಆಜುಬಾಜು ಬಂತು. ಅವರಲ್ಲೇ ಕೆಲವರು ಹೊರಗಿನ ಲ್ಯಾಬಿಗೆ ಹೋದರೆ 11 ಬಂತಂತೆ. ಪಾಲಕರು ಸಿಟ್ಟಾಗಿದ್ದಾರೆ. ತಪ್ಪಿದ್ದೆಲ್ಲಿ?
— ಓದುಗರು, ಸೇಡಂ

ತಪ್ಪು ಬಹುಶಃ ಬೆರಳ ತುದಿಯಲ್ಲಿದೆ. ಚುಚ್ಚಿದ ಮೇಲೆ ರಕ್ತ ಬಾರದಿದ್ದಾಗ ಬೆರಳು ಹಿಂಡುತ್ತಾರೆ. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ, ರಕ್ತ ತೆಳುವಾಗುತ್ತದೆ, ಅಂಕಿ ಇಳಿಯುತ್ತದೆ. ಸ್ಪಿರಿಟ್ ಒರೆಸಿ ಅದು ಆರುವ ಮೊದಲೇ ಚುಚ್ಚಿದರೂ ಇದೇ ಗತಿ. ಸರಿಯಾದ ಕ್ರಮ: ಸೋಪು ಹಚ್ಚಿ ಕೈ ತೊಳೆಸಿ, ಕೈಯನ್ನು ಕೆಳಗೆ ಇಳಿಬಿಟ್ಟು ಒಂದು ನಿಮಿಷ ಕೂರಿಸಿ. ಮಧ್ಯದ ಅಥವಾ ಉಂಗುರ ಬೆರಳಿನ ತುದಿಯ ಪಕ್ಕಕ್ಕೆ, ನಡುವಿಗಲ್ಲ, ಸ್ಪಿರಿಟ್ ಹಚ್ಚಿ ಪೂರ್ತಿ ಆರಲು ಬಿಡಿ. ಚುಚ್ಚಿದ ಮೇಲೆ ಮೊದಲ ಹನಿ ಒಣ ಹತ್ತಿಯಿಂದ ಒರೆಸಿ, ತಾನಾಗಿ ಬಂದ ಮುಂದಿನ ದೊಡ್ಡ ಹನಿಯನ್ನು ಮೀಟರಿಗೆ ಹಾಕುವ ಪರೀಕ್ಷಾ ಸ್ಟ್ರಿಪ್ಪಿಗೆ ಒಂದೇ ಸಲ ಮುಟ್ಟಿಸಿ. ಅರ್ಧ ತುಂಬಿ ಮತ್ತೆ ತುಂಬಿಸಿದ ಸ್ಟ್ರಿಪ್ಪು ಲೆಕ್ಕಕ್ಕಿಲ್ಲ.

ಎರಡನೇ ಅನುಮಾನ ಸ್ಟ್ರಿಪ್ಪಿನ ಡಬ್ಬಿ. ಬೆಳಿಗ್ಗೆ ಮುಚ್ಚಳ ತೆಗೆದವರು ಸಂಜೆಯವರೆಗೂ ಮುಚ್ಚುವುದಿಲ್ಲ. ಏಪ್ರಿಲ್ ತಿಂಗಳ ಸಭಾಂಗಣದ ಬಿಸಿ ಎಷ್ಟೋ ಸ್ಟ್ರಿಪ್ಪುಗಳು ತಾಳುವ ಮಿತಿಗಿಂತ ಹೆಚ್ಚು. ಡಬ್ಬಿಯ ಮೇಲೆ ತಾಪಮಾನ ಅಚ್ಚಾಗಿರುತ್ತದೆ, ಓದಿ. ರಕ್ತಕ್ಕೆ ಆಮ್ಲ ಬೆರೆಸಿ ಬಣ್ಣ ಹೋಲಿಸುವ ಹಳೆಯ ಸಾಲಿ ವಿಧಾನ ಬಳಸಿದ್ದರೆ ಕಾರಣ ಇನ್ನೊಂದು: ರಕ್ತವನ್ನು ಆಮ್ಲಕ್ಕೆ ಹಾಕಿ ಹತ್ತು ನಿಮಿಷ ಬಿಡಬೇಕು. ಸಾಲು ಉದ್ದವಾಯಿತೆಂದು ಮೂರೇ ನಿಮಿಷಕ್ಕೆ ಓದಿದರೆ ಬಣ್ಣ ಪೂರ್ತಿ ಬಂದಿರುವುದಿಲ್ಲ, ಎಲ್ಲರಿಗೂ ಕಡಿಮೆಯೇ ಬರುತ್ತದೆ. ಇನ್ನು ಮುಂದೆ ಹತ್ತು ಜನರಿಗೊಬ್ಬರಂತೆ ರಕ್ತನಾಳದಿಂದ ತೆಗೆದ ಮಾದರಿಯನ್ನು ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೂ ಕಳಿಸಿ ತಾಳೆ ನೋಡಿ. ಚುಚ್ಚುವ ಕೆಲಸ ಲ್ಯಾಬ್ ತಂತ್ರಜ್ಞರದ್ದು, ಸದಸ್ಯೆಯರದ್ದಲ್ಲ. ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ) ಒಬ್ಬರಿಗೊಂದು. ಬಳಸಿದ್ದನ್ನು ತೂತು ಬೀಳದ ಗಟ್ಟಿ ಡಬ್ಬಿಗೆ ಹಾಕಿ, ಆಸ್ಪತ್ರೆಗೆ ವಾಪಸು ಕೊಡುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಕಾಲೇಜಿನ ಕಸದ ಬುಟ್ಟಿಗೆ ಹೋದರೆ ಚುಚ್ಚಿಸಿಕೊಳ್ಳುವವಳು ಕಸ ಗುಡಿಸುವವಳು.

ಅಂಕಿ ಬಂದ ಮೇಲೆ ಏನು? ಡೆಸಿಲೀಟರ್ ರಕ್ತಕ್ಕೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ, ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ 12 ಮತ್ತು ಮೇಲ್ಪಟ್ಟು ಇದ್ದರೆ ಸರಿ. 11ರಿಂದ 11.9 ಸೌಮ್ಯ, 8ರಿಂದ 10.9 ಮಧ್ಯಮ, 8ಕ್ಕಿಂತ ಕೆಳಗೆ ತೀವ್ರ ರಕ್ತಹೀನತೆ. ಗರ್ಭಿಣಿಗೆ ಗೆರೆ 11, ತೀವ್ರ ಎನ್ನುವುದು 7ಕ್ಕಿಂತ ಕೆಳಗೆ. ತೀವ್ರ ಎಂದು ಬಂದವರಿಗೆ ಚೀಟಿ ಕೊಟ್ಟು ಕಳಿಸಿದರೆ ಸಾಲದು, ಅದೇ ದಿನ ಗಾಡಿ ಮಾಡಿ ಆಸ್ಪತ್ರೆ ಮುಟ್ಟಿಸಿ. ಶಿಬಿರದ ಖರ್ಚಿನಲ್ಲಿ ಆ ಗಾಡಿಯ ಬಾಡಿಗೆ ಮೊದಲೇ ಬರೆದಿಡಿ. ಉಳಿದವರಿಗೆ ಮಾತ್ರೆಯ ಪ್ರಮಾಣ ವೈದ್ಯರು ಹೇಳಲಿ. ಹದಿಹರೆಯದವರಿಗೆ ಸರ್ಕಾರ ವಾರಕ್ಕೊಂದರಂತೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇದೆ. ಅದು ತಡೆಗಟ್ಟಲು, ಆಗಲೇ ಕಡಿಮೆ ಇರುವವಳಿಗೆ ವಾರಕ್ಕೊಂದು ಸಾಕಾಗುವುದಿಲ್ಲ.

ಮಾತ್ರೆ ನುಂಗುವುದನ್ನು ಹುಡುಗಿಯರು ಬಿಡುವುದು ಮೂರು ಕಾರಣಕ್ಕೆ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಲಬದ್ಧತೆಯಾಗುತ್ತದೆ. ಕಪ್ಪು ಮಲ ಹೆದರುವಂಥದ್ದಲ್ಲ ಎಂದು ಮೊದಲೇ ಹೇಳಿ. ರಾತ್ರಿ ಊಟದ ಮೇಲೆ ತೆಗೆದುಕೊಂಡರೆ ತೊಳಸುವುದು ಕಡಿಮೆ. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಇದರ ಹಿಂದೆ ಮುಂದೆ ಒಂದೆರಡು ಗಂಟೆ ಬೇಡ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ ನಮ್ಮ ಊಟದಲ್ಲಿ ಇದ್ದೇ ಇವೆ. ಮೇಲೊಂದು ನಿಂಬೆಹಣ್ಣು ಹಿಂಡಿಕೊಂಡರೆ ಅವುಗಳ ಕಬ್ಬಿಣ ಮೈಗೆ ಹತ್ತುತ್ತದೆ. ಊಟ ಮುಗಿದದ್ದೇ ಚಹಾ ಕುಡಿಯುವುದು ನಮ್ಮ ಕಡೆಯ ದೊಡ್ಡ ತೊಡಕು. ಬೆಲ್ಲ-ಶೇಂಗಾ ಉಂಡೆ ಹಂಚಿ ರಕ್ತಹೀನತೆ ಹೋಗುತ್ತದೆಂದು ಭಾಷಣ ಮಾಡಬೇಡಿ, ಉಂಡೆಯಲ್ಲಿರುವ ಕಬ್ಬಿಣ ಅಷ್ಟಕ್ಕಷ್ಟೇ.

ಮೂರು ತಿಂಗಳಿಗೆ ಮರುಪರೀಕ್ಷೆ ಆಗದ ಶಿಬಿರವನ್ನು ನಾವು ಶಿಬಿರವೆನ್ನುವುದಿಲ್ಲ. ಇಲ್ಲೊಂದು ಕ್ಯಾಲೆಂಡರಿನ ಗೊಂದಲವಿದೆ. ಇನ್ನರ್ ವ್ಹೀಲ್, ಲಯನ್ಸ್ ಬಳಗದ ಕ್ಲಬ್‌ಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಶಿಬಿರ ಮಾಡಿದರೆ ಮರುಪರೀಕ್ಷೆ ಹೊಸ ಅಧ್ಯಕ್ಷೆಯ ತಲೆಗೆ ಬರುತ್ತದೆ, ಅವರಿಗೆ ತಮ್ಮದೇ ಯೋಜನೆ ಇರುತ್ತದೆ. ಆಗಸ್ಟ್‌ನಲ್ಲಿ ಮೊದಲ ಪರೀಕ್ಷೆ, ನವೆಂಬರ್‌ನಲ್ಲಿ ಎರಡನೆಯದು ಇಟ್ಟುಕೊಳ್ಳಿ. ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ಮಾತ್ರೆಯನ್ನೂ ಕೊಡುತ್ತಾರೆ, ಹೊಂದಿಕೆಯಾಗುತ್ತದೆ. ಮಾತ್ರೆ ಸರಿಯಾಗಿ ನುಂಗಿಯೂ ಏರದವರನ್ನು ಬೈಯದೆ ವೈದ್ಯರ ಬಳಿ ಕಳಿಸಿ. ತಲಸ್ಸೇಮಿಯಾದಂಥ (ಹುಟ್ಟಿನಿಂದಲೇ ಬರುವ ರಕ್ತದ ತೊಂದರೆ) ಬೇರೆ ಕಾರಣವಿದ್ದರೆ ಕಬ್ಬಿಣದಿಂದ ಏರುವುದಿಲ್ಲ.

ಹತ್ತು ಹೊಲಿಗೆ ಯಂತ್ರ ಕೊಟ್ಟೆವು. ವರ್ಷದ ಮೇಲೆ ನೋಡಿದರೆ ಓಡುತ್ತಿರುವುದು ಎರಡೋ ಮೂರೋ. ಮುಂದಿನ ಸಲ ಮೋಟರ್ ಇರುವುದನ್ನೇ ಕೊಡೋಣವೇ?
— ಓದುಗರು, ಬಸವಕಲ್ಯಾಣ

ಮೋಟರ್ ಕೊಟ್ಟರೂ ಕಾಲಿನ ಸ್ಟ್ಯಾಂಡ್ ತೆಗೆಯಬೇಡಿ, ಕರೆಂಟ್ ಹೋದಾಗ ಕೆಲಸ ನಿಲ್ಲಬಾರದು. ಆದರೆ ಯಂತ್ರ ನಿಲ್ಲುವುದು ಮೋಟರ್ ಇಲ್ಲದ್ದಕ್ಕಲ್ಲ, ಇಪ್ಪತ್ತು ರೂಪಾಯಿಯ ಸಾಮಾನಿಗೆ. ಸೂಜಿ ಮೊಂಡಾಗಿರುತ್ತದೆ ಅಥವಾ ತಿರುವುಮುರುವು ಹಾಕಿರುತ್ತಾರೆ: ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಮೇಲಿನ ದಾರ ಟೆನ್ಶನ್ ಬಿಲ್ಲೆಯ ನಡುವೆ ಕೂತಿರುವುದಿಲ್ಲ: ಬಟ್ಟೆಯ ಕೆಳಗೆ ದಾರ ಗಂಟುಗಂಟಾಗುತ್ತದೆ. ಕಲಿಯುವವರು ಇದನ್ನು ಬಾಬಿನ್ನಿನ ದೋಷವೆಂದು ತಿಳಿದು ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿಬಿಡುತ್ತಾರೆ, ಅಲ್ಲಿಂದ ಎರಡೂ ಕೆಡುತ್ತವೆ. ಮೂರನೆಯದು ಎಣ್ಣೆ. ಮಷಿನ್ ಎಣ್ಣೆ ಮುಗಿದಾಗ ಅಡುಗೆ ಎಣ್ಣೆ ಬಿಡುತ್ತಾರೆ. ಶೇಂಗಾ ಎಣ್ಣೆ ಬೆಳಗಾಗುವುದರೊಳಗೆ ತೊಂದರೆ ಕೊಡುವುದಿಲ್ಲ, ತಿಂಗಳೊಪ್ಪತ್ತಿನಲ್ಲಿ ಅಂಟಾಗಿ ಚಕ್ರ ತಿರುಗದಷ್ಟು ಬಿಗಿಯುತ್ತದೆ. ಸೀಮೆಎಣ್ಣೆ ಹನಿಸಿ ತಿರುಗಿಸಿ, ಜಿಡ್ಡು ಕರಗಿದ ಮೇಲೆ ಒರೆಸಿ, ಮಷಿನ್ ಎಣ್ಣೆ ಬಿಟ್ಟರೆ ಬಹಳಷ್ಟು ಯಂತ್ರಗಳು ಎದ್ದು ಕೂರುತ್ತವೆ. ಮೂಲೆಯಲ್ಲಿರುವ ಆ ಏಳೆಂಟನ್ನು ಮೊದಲು ಹೀಗೆ ನೋಡಿ. ಹಲ್ಲಿನ ತಟ್ಟೆ ಬಿಚ್ಚಿ ಕೆಳಗೆ ಗಟ್ಟಿಯಾಗಿ ಕೂತ ದೂಳು-ನೂಲಿನ ಮುದ್ದೆಯನ್ನೂ ತೆಗೆಸಿ.

ಯಂತ್ರದ ಜೊತೆ ಕೊಡಬೇಕಾದ ಪೊಟ್ಟಣ: ತೆಳು ಬಟ್ಟೆಗೆ 11, ಕುಪ್ಪಸದ ಬಟ್ಟೆಗೆ 14, ದಪ್ಪ ಬಟ್ಟೆಗೆ 16 ನಂಬರಿನ ಸೂಜಿ ಐದೈದು, ಬಾಬಿನ್ ಹತ್ತು, ಬಾಬಿನ್ ಕೇಸ್ ಒಂದು, ಚರ್ಮದ ಬೆಲ್ಟ್ ಒಂದು, ಎಣ್ಣೆ ಬಾಟಲಿ, 10 ಇಂಚಿನ ಕತ್ತರಿ, ಟೇಪು. ಒಂದು ಯಂತ್ರ ಕಡಿಮೆ ಮಾಡಿ ಆ ಹಣದಲ್ಲಿ ಒಂಬತ್ತು ಜನರಿಗೆ ಇದನ್ನು ಕೊಡಿ.

ಆಯ್ಕೆಯೂ ಮುಖ್ಯ. ಕಲಿತವರಿಗೆ ಯಂತ್ರ ಕೊಡಿ. ಯಂತ್ರ ಕೊಟ್ಟು ಕಲಿಸುತ್ತೇವೆಂದರೆ ಆಗುವುದಿಲ್ಲ. ಮೂರು ತಿಂಗಳ ತರಬೇತಿ ಮುಗಿಸಿ, ಪರೀಕ್ಷಕರ ಎದುರು ಅಳತೆ ತೆಗೆದು ಒಂದು ಲೈನಿಂಗ್ ಕುಪ್ಪಸ ಹೊಲಿದು ತೋರಿಸಿದವರಷ್ಟೇ ಪಟ್ಟಿಗೆ ಬರಲಿ. ಯಂತ್ರದ ನಂಬರ್ ನೋಂದಾಯಿಸಿ, ಎರಡು ವರ್ಷ ಮಾರುವುದಿಲ್ಲ ಎಂದು ಬರೆಸಿಕೊಳ್ಳಿ. ತಾಂಡಾಗಳ ಹೆಣ್ಣುಮಕ್ಕಳಾದರೆ ದೀಪಾವಳಿಯ ನಂತರ ಊರಲ್ಲಿ ಇರುತ್ತಾರೋ, ಪುಣೆ-ಮುಂಬೈಗೆ ದುಡಿಯಲು ಹೋಗುತ್ತಾರೋ ಕೇಳಿ. ಆಗಲೇ ಹೊಲಿಗೆಯಿಂದಲೇ ಬದುಕುವವರಿಗೆ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಟೈಲರ್ ಕೂಡ ಇದೆ, ಸಲಕರಣೆಗೆ ₹15,000ದವರೆಗೆ ಸಿಗುತ್ತದೆ. ಅವರಿಗೆ ಅರ್ಜಿ ತುಂಬಲು ನೆರವಾಗಿ, ಕ್ಲಬ್ಬಿನ ಯಂತ್ರವನ್ನು ಅಲ್ಲಿಗೆ ಮುಟ್ಟದವರಿಗೆ ಉಳಿಸಿ.

ಹೆಣ್ಣುಮಕ್ಕಳ ಪ್ರೌಢಶಾಲೆಗೆ ಪ್ಯಾಡ್ ಸುಡುವ ಯಂತ್ರ ಕೊಟ್ಟಿದ್ದೆವು. ಆರು ತಿಂಗಳಿಂದ ಬಂದ್. ದುರಸ್ತಿ ಮಾಡಿಸಬೇಕೇ, ಬೇರೆ ದಾರಿ ಇದೆಯೇ?
— ಓದುಗರು, ಶಹಾಪುರ

ಮೊದಲು ವೈರಿಂಗ್ ನೋಡಿ. ಸುರುಳಿ ಕಾಯಿಸುವ ಈ ಯಂತ್ರಗಳಿಗೆ 16 ಆಂಪಿಯರ್ ಪ್ಲಗ್, ಪ್ರತ್ಯೇಕ ಎಂಸಿಬಿ (ಭಾರ ಹೆಚ್ಚಾದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಶಾಲೆಯವರು ಫ್ಯಾನಿನ ಪಾಯಿಂಟಿಗೆ ಸಿಕ್ಕಿಸಿರುತ್ತಾರೆ. ನಂತರ ಹೊಗೆ ಕೊಳವೆ: ಚಾವಣಿ ದಾಟಿ ಮೇಲೆ ಹೋಗದಿದ್ದರೆ ಶೌಚಾಲಯದ ತುಂಬ ಹೊಗೆ, ಆ ದಿನದಿಂದ ಹುಡುಗಿಯರು ಅತ್ತ ಸುಳಿಯುವುದಿಲ್ಲ. ಒಮ್ಮೆಗೆ ಹಿಡಿಸುವುದಕ್ಕಿಂತ ಹೆಚ್ಚು ಪ್ಯಾಡ್ ತುರುಕಿದರೆ ಅರೆಬೆಂದು ಪ್ಲಾಸ್ಟಿಕ್ ಕರಗಿ ಸುರುಳಿಗೆ ಅಂಟುತ್ತದೆ. ಬೂದಿ ತಟ್ಟೆ ಖಾಲಿ ಮಾಡುವವರು ಯಾರೆಂದು ಯಾರೂ ಗೊತ್ತು ಮಾಡಿರುವುದಿಲ್ಲ.

ನಮ್ಮ ಮಾತು ಕೇಳಿದರೆ ದುರಸ್ತಿಗೆ ದುಡ್ಡು ಹಾಕಬೇಡಿ. ಪ್ಲಾಸ್ಟಿಕ್ ಪ್ಯಾಡ್ ಸರಿಯಾಗಿ ಸುಡಲು 800 ಡಿಗ್ರಿಗೂ ಮೀರಿದ ಶಾಖ ಬೇಕು. ಗೋಡೆಗೆ ನೇತುಹಾಕುವ ಸಣ್ಣ ಪೆಟ್ಟಿಗೆಗಳು ಅಲ್ಲಿಗೆ ಮುಟ್ಟುವುದು ಅಪರೂಪ, ಕಡಿಮೆ ಶಾಖದ ಹೊಗೆ ವಿಷದ ಹೊಗೆ. ಕಾಲಿನಿಂದ ತೆರೆಯುವ ಮುಚ್ಚಳದ ಬುಟ್ಟಿ, ಬಳಸಿದ ಪ್ಯಾಡನ್ನು ಸುತ್ತಿಡಲು ಹಳೆ ಪತ್ರಿಕೆ, ದಿನಾ ನಗರಸಭೆಯ ಕಸದ ಗಾಡಿಗೆ ಬೇರೆಯಾಗಿ ಕೊಡುವ ವ್ಯವಸ್ಥೆ: ಇಷ್ಟಾದರೆ ಸಾಕು. ಪ್ಯಾಡ್ ಒದಗಿಸಲು ಸರ್ಕಾರದ ಶುಚಿ ಯೋಜನೆ ಇದೆ. ಅದು ತಲುಪದ ತಿಂಗಳಲ್ಲಿ ಏನು ಎಂಬುದಕ್ಕೆ ಬಟ್ಟೆ ಪ್ಯಾಡ್ ಒಳ್ಳೆಯ ಉತ್ತರ, ನಿಮ್ಮ ಹೊಲಿಗೆ ಕಲಿತವರಿಗೂ ಕೆಲಸ.

ಅಳತೆ: ಹಗಲಿನದು 25 ಸೆಂ.ಮೀ. ಉದ್ದ, ರಾತ್ರಿಯದು 30. ಮೈಗೆ ತಾಗುವ ಬದಿ ಹತ್ತಿ ಬಟ್ಟೆ, ಒಳಗೆ 7 ಸೆಂ.ಮೀ. ಅಗಲದ ಹತ್ತಿ ಫ್ಲಾನೆಲ್ ನಾಲ್ಕು ಪದರ, ಅದರ ಕೆಳಗೆ ನೀರು ಸೋರದ ಪಿಯುಎಲ್ ಬಟ್ಟೆ, ರೆಕ್ಕೆಗೆ ಪ್ರೆಸ್ ಬಟನ್. ಕತ್ತರಿಸುವ ಮುಂಚೆ ಹತ್ತಿ, ಫ್ಲಾನೆಲ್ ಎರಡನ್ನೂ ಒಮ್ಮೆ ತೊಳೆದು ಒಣಗಿಸದಿದ್ದರೆ ಮೊದಲ ಒಗೆತಕ್ಕೆ ಪ್ಯಾಡ್ ದೋಣಿಯ ಹಾಗೆ ಮುದುಡುತ್ತದೆ. ಪಿಯುಎಲ್‌ನ ನಡುಭಾಗಕ್ಕೆ ಸೂಜಿ ಹಾಕಬೇಡಿ, ಪ್ರತಿ ತೂತೂ ಸೋರುತ್ತದೆ. ಫ್ಲಾನೆಲನ್ನು ಮೇಲಿನ ಹತ್ತಿಗೆ ಮಾತ್ರ ಹೊಲಿದು, ಆಮೇಲೆ ಅಂಚು ಕೂಡಿಸಿ. ಒಬ್ಬರಿಗೆ ಆರು ಕೊಡಿ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಸೋಪು ಹಚ್ಚಿ ಒಗೆದು, ನೇರ ಬಿಸಿಲಿಗೆ ಹಾಕಬೇಕು. ಬಿಸಿನೀರು ಕಲೆಯನ್ನು ಗಟ್ಟಿ ಮಾಡುತ್ತದೆ. ಸೀರೆಯ ಕೆಳಗೆ, ಕತ್ತಲ ಕೋಣೆಯಲ್ಲಿ ಒಣಗಿಸಿದ್ದು ಒಣಗಿದ್ದಲ್ಲ. ಮನೆಯಲ್ಲಿ ಬಿಸಿಲಿಗೆ ಹಾಕುವ ಧೈರ್ಯ, ತೊಳೆಯುವಷ್ಟು ನೀರು ಇಲ್ಲದ ಹುಡುಗಿಗೆ ಬಟ್ಟೆ ಪ್ಯಾಡ್ ಒತ್ತಾಯ ಮಾಡಬೇಡಿ.

ಫ್ಲೋರೈಡ್ ಇರುವ ಊರಿನ ಶಾಲೆಗೆ ಆರ್‌ಒ ಘಟಕ ಕೊಡಬೇಕೆಂದಿದ್ದೇವೆ. 200 ಮಕ್ಕಳು. ಟಿಡಿಎಸ್ ಮೀಟರ್‌ನಲ್ಲಿ 600 ಬಂದಿದೆ.
— ಓದುಗರು, ಸುರಪುರ

ಟಿಡಿಎಸ್ ಮೀಟರ್ ಫ್ಲೋರೈಡ್ ಹೇಳುವುದಿಲ್ಲ, ರೋಗಾಣುವನ್ನೂ ಹೇಳುವುದಿಲ್ಲ. ಕರಗಿದ ಲವಣಗಳ ಒಟ್ಟು ಮೊತ್ತ ಅಷ್ಟೇ ಅದು. ಒಂದು ಲೀಟರ್ ನೀರನ್ನು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಮೂರನ್ನೂ ಕೇಳಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45, ಆರ್ಸೆನಿಕ್ 0.01. ನಿಮ್ಮ ತಾಲ್ಲೂಕಿನ ಕೆಲವೆಡೆ ಆರ್ಸೆನಿಕ್ ಕಂಡುಬಂದಿರುವುದರಿಂದ ಅದನ್ನು ಬಿಡಬೇಡಿ. ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬುದು ತಪ್ಪು. ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ.

ಮಗುವಿಗೆ ಒಂದೂವರೆ ಲೀಟರಿನಂತೆ 300 ಲೀಟರ್. ಗಂಟೆಗೆ 100 ಲೀಟರಿನ ಘಟಕ ಮೂರು ತಾಸಿನಲ್ಲಿ ಕೊಡುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಒಂದೆರಡು ಲೀಟರ್ ಹೊರಚೆಲ್ಲುವ ನೀರು ಬರುತ್ತದೆ, ಅದರಲ್ಲಿ ಫ್ಲೋರೈಡ್ ಇನ್ನೂ ಹೆಚ್ಚು. ಬೋರಿನ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಅದೇ ನೀರು ಮತ್ತೆ ಮೇಲೆ ಬರುತ್ತದೆ. ಶೌಚಾಲಯದ ಟ್ಯಾಂಕಿಗೆ ಪೈಪು ಹಾಕಿ. ಮೂರು ತಿಂಗಳಿಗೊಮ್ಮೆ ಕಾರ್ಟ್ರಿಜ್, ಎರಡು ಮೂರು ವರ್ಷಕ್ಕೆ ಮೆಂಬ್ರೇನ್ ಬದಲಿಸಬೇಕು. ಮೂರು ವರ್ಷದ ನಿರ್ವಹಣೆ ಹಣವನ್ನು ಖರೀದಿಯ ದಿನವೇ ಬ್ಯಾಂಕಿನಲ್ಲಿ ಬೇರೆ ಇಡಿ, ವಿದ್ಯುತ್ ಬಿಲ್ಲು ಯಾರದ್ದೆಂದು ಶಾಲಾಭಿವೃದ್ಧಿ ಸಮಿತಿಯ ನಡಾವಳಿಯಲ್ಲಿ ಬರೆಸಿ. ಬೇಸಿಗೆ ರಜೆ ಮುಗಿದ ಮೇಲೆ ಮೊದಲ ಅರ್ಧ ಗಂಟೆಯ ನೀರು ಚೆಲ್ಲಿ, ಟ್ಯಾಂಕ್ ತೊಳೆಸಿ.

ಮಳೆನೀರನ್ನೂ ಲೆಕ್ಕಕ್ಕೆ ತನ್ನಿ. 100 ಚದರ ಮೀಟರ್ ಆರ್‌ಸಿಸಿ ಚಾವಣಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೆ, ಪೋಲಾಗುವುದು ಕಳೆದು 55,000 ಲೀಟರಿನಷ್ಟು ಸಿಗುತ್ತದೆ. ಅದರಲ್ಲಿ ಫ್ಲೋರೈಡ್ ಇಲ್ಲ. ಮೊದಲ ಮಳೆಯ ನೀರು ಹೊರಬಿಟ್ಟು, ಜಲ್ಲಿ-ಉಸುಕಿನ ಶೋಧಕ ದಾಟಿಸಿ, ಮುಚ್ಚಿದ ತೊಟ್ಟಿಯಲ್ಲಿಟ್ಟು ಕ್ಲೋರಿನ್ ಹಾಕಬೇಕು.

ರಕ್ತದಾನ ಶಿಬಿರದಲ್ಲಿ ನಮ್ಮ ಸದಸ್ಯೆಯರಲ್ಲೇ ಬಹಳ ಜನರನ್ನು ವಾಪಸ್ ಕಳಿಸಿದರು. ಅವಮಾನವಾಯಿತು.
— ಓದುಗರು, ಭಾಲ್ಕಿ

ಅವಮಾನವೇನಿಲ್ಲ, ನಿಯಮ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5. ಗಮನಿಸಿ, ಆರೋಗ್ಯವಂತೆ ಎನಿಸಿಕೊಳ್ಳಲು 12 ಸಾಕು, ದಾನಕ್ಕೆ 12.5 ಬೇಕು. ಹೆಣ್ಣುಮಕ್ಕಳು ಹೆಚ್ಚಾಗಿ ಬೀಳುವುದು ಈ ಅರ್ಧ ಅಂಕದಲ್ಲೇ. ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯಿದ್ದಾಗ, ಹೆರಿಗೆಯಾಗಿ ವರ್ಷ ತುಂಬುವವರೆಗೆ ಕೊಡುವಂತಿಲ್ಲ. ಉಪವಾಸದವರೂ ಬೇಡ. ಸೋಮವಾರ, ಏಕಾದಶಿ, ರಂಜಾನ್ ನೋಡಿ ದಿನ ಗೊತ್ತು ಮಾಡಿ. ಪರವಾನಗಿ ಇರುವ ರಕ್ತಕೇಂದ್ರ ಬಂದು ಮಾಡಬೇಕಾದ ಶಿಬಿರವಿದು. ನಿಮ್ಮ ಕೆಲಸ ಗಾಳಿ-ಬೆಳಕಿನ ಹಾಲ್, ನೀರು, ತಿಂಡಿ ಮತ್ತು ದಾನಿಗಳನ್ನು ತಾಸಿಗಿಷ್ಟು ಜನರಂತೆ ಕರೆಸುವುದು. ಎಲ್ಲರನ್ನೂ ಬೆಳಿಗ್ಗೆ ಹತ್ತಕ್ಕೇ ಬರಹೇಳಿದರೆ ಮಧ್ಯಾಹ್ನದ ಹೊತ್ತಿಗೆ ಹಸಿದವರು ತಲೆತಿರುಗಿ ಬೀಳುತ್ತಾರೆ.

ಕಣ್ಣಿನ ವೈದ್ಯರಿಲ್ಲದೆ ಓದುವ ಕನ್ನಡಕ ಹಂಚಬಹುದೇ?
— ಓದುಗರು, ಚಿಂಚೋಳಿ

ಹತ್ತಿರದ್ದು ಮಾತ್ರ ಮಸುಕಾಗಿ, ದೂರದ್ದು ಎರಡೂ ಕಣ್ಣಿಗೆ ಬಿಡಿಬಿಡಿಯಾಗಿ ಸ್ಪಷ್ಟ ಕಾಣುವ, 40 ದಾಟಿದವರಿಗೆ ಕೊಡಬಹುದು. ಸುಮಾರಾಗಿ 40ಕ್ಕೆ +1.00, 45ಕ್ಕೆ +1.50, 50ಕ್ಕೆ +2.00, 55 ದಾಟಿದರೆ +2.50. ಅಕ್ಷರ ಬಾರದವರಿಗೆ ಸೂಜಿಗೆ ದಾರ ಪೋಣಿಸಲು, ಅಕ್ಕಿ ಆರಿಸಲು 40 ಸೆಂ.ಮೀ. ದೂರದಲ್ಲಿ ಕೊಟ್ಟು ನೋಡಿ. ಕಾಣುವ ಅತಿ ಕಡಿಮೆ ನಂಬರನ್ನೇ ಕೊಡಿ. ದೂರದ್ದೂ ಮಸುಕಾದವರು, ಸಕ್ಕರೆ ಕಾಯಿಲೆಯವರು, ಒಂದೇ ಕಣ್ಣು ಕಾಣುವವರು ಆಸ್ಪತ್ರೆಗೆ ಹೋಗಬೇಕು. ಪೊರೆ ಶಸ್ತ್ರಚಿಕಿತ್ಸೆಯನ್ನು ಶಾಲೆ, ಕಲ್ಯಾಣ ಮಂಟಪಗಳಲ್ಲಿ ಏರ್ಪಡಿಸುವ ಕಾಲ ಹೋಯಿತು. ತಪಾಸಣೆ ಊರಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ.

ಚಳಿಗಾಲಕ್ಕೆ ಹಳೆ ಬಟ್ಟೆ ಸಂಗ್ರಹಿಸಿ ಹಂಚಿದೆವು. ಅರ್ಧ ರಸ್ತೆಬದಿಯಲ್ಲೇ ಬಿದ್ದಿತ್ತು.
— ಓದುಗರು, ಬೀದರ್

ಪಾರ್ಟಿ ಫ್ರಾಕು, ಬಿಗಿ ಜೀನ್ಸು, ಗುಂಡಿಯಿಲ್ಲದ ಅಂಗಿ ಯಾರಿಗೆ ಬೇಕು? ಬೀದರ್ ಎತ್ತರದ ಊರು, ಡಿಸೆಂಬರ್ ಚಳಿಗೆ ಬೇಕಾದ್ದು ಚಾದರ, ಸ್ವೆಟರು. ಒಗೆದು ಇಸ್ತ್ರಿ ಮಾಡಿದ್ದನ್ನಷ್ಟೇ ಸ್ವೀಕರಿಸಿ, ಅಳತೆಯಂತೆ ಬೇರ್ಪಡಿಸಿ ಮೇಜಿನ ಮೇಲಿಡಿ, ಜನ ಆರಿಸಿಕೊಳ್ಳಲಿ. ಉಳಿದದ್ದನ್ನು ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೂಲಿ ಸಮೇತ ಕೊಟ್ಟರೆ ಅದೇ ಹಳೆ ಸೀರೆ ಒಳ್ಳೆಯ ಹೊದಿಕೆಯಾಗಿ ಬರುತ್ತದೆ.

ನಮ್ಮ ಬಳಗಕ್ಕೆ ನೋಂದಣಿ ಇಲ್ಲ. ದೇಣಿಗೆ ಪಡೆಯಬಹುದೇ?
— ಓದುಗರು, ಆಳಂದ

ಓಣಿಯಲ್ಲಿ ನೂರಿನ್ನೂರು ಕೂಡಿಸುವವರೆಗೆ ನಡೆಯುತ್ತದೆ, ಮುಂದೆ ನಡೆಯುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಕನಿಷ್ಠ ಏಳು ಜನ ಸೇರಿ, ಉದ್ದೇಶ ಪತ್ರ ಮತ್ತು ನಿಯಮಾವಳಿ ಬರೆದು, ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಂತರ ಪ್ಯಾನ್, ಆಮೇಲೆ ಇಬ್ಬರ ಸಹಿಯ ಬ್ಯಾಂಕ್ ಖಾತೆ. ಅಧ್ಯಕ್ಷೆಯ ಸ್ವಂತ ಖಾತೆಯ ಕ್ಯೂಆರ್ ಕೋಡಿಗೆ ದೇಣಿಗೆ ಹಾಕಿಸಬೇಡಿ, ಎಷ್ಟು ಪ್ರಾಮಾಣಿಕರಿದ್ದರೂ ಆದಾಯ ಅವರ ಹೆಸರಿಗೆ ಕಾಣುತ್ತದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸುವುದನ್ನು ಮರೆಯುವ ಸಂಘಗಳೇ ಹೆಚ್ಚು, ದಂಡ ಕಟ್ಟುವುದು ಅನುದಾನಕ್ಕೆ ಅರ್ಜಿ ಹಾಕುವ ದಿನ. ತೆರಿಗೆ ವಿನಾಯಿತಿಯ 80ಜಿ ಪ್ರಮಾಣಪತ್ರ ಕೈಗೆ ಬಾರದೆ ರಸೀದಿಯ ಮೇಲೆ ಆ ಮಾತು ಅಚ್ಚು ಹಾಕಿಸಬೇಡಿ. ಬಂದ ಮೇಲೂ ₹2,000 ಮೀರಿದ ನಗದು ದೇಣಿಗೆಗೆ ದಾನಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಖಾತೆಗೇ ಹಾಕಲು ಹೇಳಿ. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ, ಹಾಳಾದ ಹಾಳೆಯನ್ನು ಹರಿಯದೆ ಅಡ್ಡಗೆರೆ ಎಳೆದು ಅದರಲ್ಲೇ ಬಿಡಿ.